ಶಾಲೆ ಬಿಟ್ಟ ಮೇಲೆ ಮಗುವನ್ನು ಯಾರ ಕೈಗೆ ಒಪ್ಪಿಸಬೇಕು?

ಪ್ರಿಯ ಪೋಷಕರೇ,

ಸಂಜೆ ಗಂಟೆ ಹೊಡೆದ ಮೇಲೆ ಎರಡನೆಯ ತರಗತಿಯ ಮಗುವೊಂದು ಚೀಲ ಹೆಗಲಿಗೇರಿಸಿಕೊಂಡು ಜಗುಲಿಯ ಕಂಬದ ಮರೆಯಲ್ಲೇ ನಿಂತಿತ್ತು. ಗೇಟಿನ ಹೊರಗೆ ತಂದೆ ಬೈಕಿನಲ್ಲಿ ಕಾಯುತ್ತಿದ್ದರು. "ಅಪ್ಪ ಬಂದಿದ್ದಾರಲ್ಲ, ಹೋಗು" ಎಂದೆ. ಮಗು ನನ್ನ ಸೆರಗು ಹಿಡಿದುಕೊಂಡಿತು. "ಮೇಡಂ, ನೀವು ಮೊದಲು ಹೋಗಿ ಮಾತನಾಡಿಸಿ ಬನ್ನಿ. ವಾಸನೆ ಬರದಿದ್ದರೆ ನಾನು ಹೋಗುತ್ತೇನೆ." ಗುರುತು ಸಿಗದಂತೆ ಒಂದೆರಡು ವಿವರಗಳನ್ನು ಬದಲಿಸಿ ಇದನ್ನು ಬರೆಯುತ್ತಿದ್ದೇನೆ. ತಂದೆ ಕುಡಿದಿದ್ದಾರೆಯೇ ಎಂದು ನೋಡುವ ಕೆಲಸ ಏಳು ವರ್ಷದ ಮಗುವಿನದಲ್ಲ. ಅಷ್ಟು ದಿನ ಅದನ್ನು ಮಗುವಿಗೇ ಬಿಟ್ಟಿದ್ದೆವಲ್ಲ ಎಂಬ ಸಂಕಟ ನನ್ನನ್ನು ಇನ್ನೂ ಬಿಟ್ಟಿಲ್ಲ.

ಆದ್ದರಿಂದ ಈ ಪತ್ರ ಎಲ್ಲ ಮನೆಗಳಿಗೂ ಬರುತ್ತಿದೆ. ಇನ್ನು ಮುಂದೆ ಕುಡಿದು ಬಂದವರ ಕೈಗೆ ನಾವು ಮಗುವನ್ನು ಒಪ್ಪಿಸುವುದಿಲ್ಲ. ಬಂದವರು ತಂದೆಯಾಗಲಿ, ತಾಯಿಯಾಗಲಿ, ಸೋದರಮಾವನಾಗಲಿ, ನಿಯಮ ಒಂದೇ. ಮಗು ನನ್ನ ಕೊಠಡಿಯಲ್ಲಿ ಶಿಕ್ಷಕಿಯೊಬ್ಬರ ಜೊತೆಗಿರುತ್ತದೆ. ನೀವು ಬರೆದುಕೊಟ್ಟಿರುವ ಇನ್ನೊಂದು ಸಂಖ್ಯೆಗೆ ಫೋನ್ ಮಾಡುತ್ತೇವೆ. ಗಲಾಟೆಯಾದರೆ 112ಕ್ಕೆ ಕರೆ ಹೋಗುತ್ತದೆ.

ಗಂಡ ಹೆಂಡತಿ ಬೇರೆಯಾಗಿರುವ ಮನೆಗಳ ವಿಷಯದಲ್ಲಿ ಒಂದು ಮಾತನ್ನು ಬಿಡಿಸಿ ಹೇಳಬೇಕು. "ಅವರು ಬಂದರೆ ಕಳುಹಿಸಲೇಬೇಡಿ" ಎಂದು ಕೆಲವು ತಾಯಂದಿರು ಹೇಳಿ ಹೋಗುತ್ತಾರೆ. ಅವರ ಭಯ ನನಗೆ ಅರ್ಥವಾಗುತ್ತದೆ. ಆದರೆ ನ್ಯಾಯಾಲಯದ ಆದೇಶವಿಲ್ಲದೆ, ಬಾಯಿಮಾತಿನ ಮೇಲೆ ಒಬ್ಬ ತಂದೆಯನ್ನು ಮಗುವಿನಿಂದ ಸದಾಕಾಲ ದೂರವಿಡುವ ಅಧಿಕಾರ ಶಾಲೆಗಿಲ್ಲ. ಆದೇಶವಿದ್ದರೆ ಅದರ ಪ್ರತಿ ಕೊಡಿ. ಇಲ್ಲದಿದ್ದರೆ ಕೌಟುಂಬಿಕ ನ್ಯಾಯಾಲಯದಲ್ಲಿ ಕೇಳಿ. 1890ರ ಪೋಷಕರ ಮತ್ತು ಪಾಲ್ಯರ ಕಾಯ್ದೆ ಮೊದಲು ನೋಡುವುದು ಮಗುವಿನ ಹಿತವನ್ನು. ಭೇಟಿಯ ವೇಳೆ ಹಿರಿಯರೊಬ್ಬರು ಜೊತೆಗಿರಬೇಕು, ರಾತ್ರಿ ಉಳಿಸಿಕೊಳ್ಳಬಾರದು ಎಂಬಂಥ ಷರತ್ತುಗಳನ್ನು ಕೇಳಬಹುದು. ಮನೆಯಲ್ಲಿ ಹೊಡೆತ ಬಡಿತವಿದ್ದರೆ 2005ರ ಕೌಟುಂಬಿಕ ಹಿಂಸೆ ಕಾಯ್ದೆಯಡಿ ಮ್ಯಾಜಿಸ್ಟ್ರೇಟರು ಮಗುವಿನ ತಾತ್ಕಾಲಿಕ ಸುಪರ್ದಿಯನ್ನು ನೀಡಬಲ್ಲರು, ಭೇಟಿಯಿಂದ ಮಗುವಿಗೆ ಕೆಡುಕಾಗುವುದಾದರೆ ಅದನ್ನು ನಿರಾಕರಿಸಲೂ ಬಲ್ಲರು.

"ರಾತ್ರಿ ಕುಡಿದದ್ದು, ಬೆಳಿಗ್ಗೆ ಸ್ನಾನ ಮಾಡಿ ಕಾಫಿ ಕುಡಿದು ಬಂದಿದ್ದೇನೆ" ಎಂಬ ಮಾತನ್ನೂ ಕೇಳಿದ್ದೇನೆ. ಸ್ನಾನದಿಂದಾಗಲಿ ಕಾಫಿಯಿಂದಾಗಲಿ ಮದ್ಯ ಬೇಗ ಇಳಿಯುವುದಿಲ್ಲ. ಒಂದು ಕ್ವಾರ್ಟರ್ ಅಂದರೆ 180 ಮಿಲಿ ವಿಸ್ಕಿಯಲ್ಲಿ ಸುಮಾರು 60 ಗ್ರಾಂ ಆಲ್ಕೋಹಾಲ್ ಇರುತ್ತದೆ. ಯಕೃತ್ತು ಗಂಟೆಗೆ ಕರಗಿಸುವುದು ಹೆಚ್ಚುಕಡಿಮೆ 7ರಿಂದ 10 ಗ್ರಾಂ ಮಾತ್ರ. ಶನಿವಾರ ರಾತ್ರಿ ಹನ್ನೊಂದಕ್ಕೆ ಎರಡು ಕ್ವಾರ್ಟರ್ ಮುಗಿಸಿದವರು ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ಮಗುವನ್ನು ಬೈಕಿನ ಟ್ಯಾಂಕಿನ ಮೇಲೆ ಕೂರಿಸಿಕೊಂಡರೆ, ಅವರ ರಕ್ತದಲ್ಲಿ ಮದ್ಯ ಇನ್ನೂ ಇದೆ. ಭೇಟಿಯ ದಿನವಷ್ಟೇ ಅಲ್ಲ, ಅದರ ಹಿಂದಿನ ರಾತ್ರಿಯೂ ಬೇಡ. ಕರೆದೊಯ್ಯಲು ಅಜ್ಜಿಯೋ ಅತ್ತೆಯೋ ಬರಲಿ, ಬಸ್ಸಿನಲ್ಲಿ ಹೋಗಲಿ.

ಮಗು ಹಿಂತಿರುಗಿದ ಕೂಡಲೇ "ಅಪ್ಪ ಕುಡಿದಿದ್ದರಾ? ಎಷ್ಟು?" ಎಂದು ತನಿಖೆ ಮಾಡಬೇಡಿ. ನಿಜ ಹೇಳಿದರೆ ಅಪ್ಪನಿಗೆ ದ್ರೋಹ, ಮುಚ್ಚಿಟ್ಟರೆ ಅಮ್ಮನಿಗೆ ಸುಳ್ಳು ಎಂದು ಮಗು ನಡುವೆ ಸಿಕ್ಕಿಕೊಳ್ಳುತ್ತದೆ. ಊಟಕ್ಕೆ ಕೂರಿಸಿ, ಅದಾಗಿಯೇ ಹೇಳಲಿ. "ನಾನು ಹಟ ಮಾಡಿದ್ದಕ್ಕೆ ಅಪ್ಪ ಕುಡಿಯುತ್ತಾರೆ" ಎಂದು ನಂಬಿರುವ ಮಕ್ಕಳು ನಮ್ಮ ತರಗತಿಗಳಲ್ಲಿದ್ದಾರೆ. ಅದು ನಿನ್ನ ತಪ್ಪಲ್ಲ ಎಂದು ಒಂದು ಸಲವಲ್ಲ, ಹತ್ತು ಸಲ ಹೇಳಬೇಕು. ಭಯವಾದರೆ ಪಕ್ಕದ ಯಾವ ಮನೆಗೆ ಹೋಗಬೇಕು ಎಂಬುದನ್ನು ತೋರಿಸಿಕೊಡಿ. ನಿಮ್ಮ ಸಂಖ್ಯೆಯ ಜೊತೆಗೆ 1098 ಅನ್ನು ಬಾಯಿಪಾಠ ಮಾಡಿಸಿ. ಅದು ಮಕ್ಕಳ ಸಹಾಯವಾಣಿ, ಹಗಲೂ ರಾತ್ರಿಯೂ ಉಚಿತ.

ಕುಡಿತ ಬಿಡಲಾಗದೆ ಒದ್ದಾಡುತ್ತಿರುವ ತಂದೆಯೋ ತಾಯಿಯೋ ಇದನ್ನು ಓದುತ್ತಿದ್ದರೆ, ನಿಮ್ಮ ಮೇಲೆ ನನಗೆ ತಿರಸ್ಕಾರವಿಲ್ಲ. ಮಕ್ಕಳು ಬರೆಯುವ ಮನೆಯ ಚಿತ್ರದಲ್ಲಿ ನೀವೂ ಇರುತ್ತೀರಿ. ದೇವರ ಮೇಲೆ ಆಣೆಯಿಟ್ಟು ನಾಳೆಯಿಂದಲೇ ನಿಲ್ಲಿಸುತ್ತೇನೆ ಎನ್ನುವ ಮೊದಲು ವೈದ್ಯರನ್ನು ಕಾಣಿ. ವರ್ಷಗಟ್ಟಲೆ ದಿನವೂ ಕುಡಿದವರು ಏಕಾಏಕಿ ನಿಲ್ಲಿಸಿದರೆ ಫಿಟ್ಸ್ ಬರಬಹುದು, ಬುದ್ಧಿಭ್ರಮೆಯಾಗಬಹುದು. ಆ ದಿನಗಳಲ್ಲಿ ಮಗುವೊಂದೇ ನಿಮ್ಮ ಬಳಿ ಇರಬಾರದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ ವ್ಯಸನ ಚಿಕಿತ್ಸಾ ವಿಭಾಗವಿದೆ. ವ್ಯಸನಮುಕ್ತಿ ಸಹಾಯವಾಣಿ 14446ಕ್ಕೆ ಅಥವಾ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್‌ನ 14416ಕ್ಕೆ ಕರೆ ಮಾಡಿದರೆ ಹಣ ತಗುಲುವುದಿಲ್ಲ.

ಈ ಪತ್ರದ ಜೊತೆ ಒಂದು ಚೀಟಿ ಇದೆ. ಮಗುವನ್ನು ಕರೆದೊಯ್ಯಬಹುದಾದ ಮೂವರ ಹೆಸರು, ಫೋನ್ ಸಂಖ್ಯೆ ಬರೆದು ಸಹಿ ಮಾಡಿ. ಹೇಳಬೇಕಾದ ಕಷ್ಟವಿದ್ದರೆ ಹಿಂಬದಿಯಲ್ಲಿ ಬರೆಯಿರಿ, ಅದು ನನ್ನ ಬೀರುವಿನಲ್ಲೇ ಇರುತ್ತದೆ. ಸೋಮವಾರದೊಳಗೆ ಚೀಟಿಯನ್ನು ನೀವೇ ತಂದುಕೊಡಿ. ಮಗುವಿನ ಕೈಯಲ್ಲಿ ಕಳುಹಿಸಬೇಡಿ. ಅದಕ್ಕೆ ಈಗ ಕೂಡಿಸಿಕೊಂಡು ಓದಲು ಬರುತ್ತದೆ.

ಇಂತಿ,
ಮುಖ್ಯ ಶಿಕ್ಷಕಿ