ಕಾರಿನ ಮುಂಭಾಗದ ಸಬ್‌ಫ್ರೇಮ್ (ಎಂಜಿನ್, ಚಕ್ರದ ತೋಳುಗಳನ್ನು ಹೊರುವ ಕೆಳಚೌಕಟ್ಟು) ಬದಲಿಸಲು ಕೈಜೋಡಿಸಿದವರಿಗೆ

ಹೆಸರು ಹೇಳದೆ ಹೋದ ಆ ಮೆಕ್ಯಾನಿಕ್ ಅಣ್ಣನಿಗೆ ಮನಸಾರೆ ಧನ್ಯವಾದ. ತುಕ್ಕು ಹಿಡಿದ ಬೋಲ್ಟಿಗೆ ನೇರವಾಗಿ ಇಂಪ್ಯಾಕ್ಟ್ ಗನ್ (ಬಡಿದು ಬಡಿದು ಬೋಲ್ಟ್ ತಿರುಗಿಸುವ ಯಂತ್ರ) ಇಡಬೇಡಿ, ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಹಾಕಿ ನೆನೆಯಲು ಬಿಡಿ ಎಂದಿರಿ. ಬಾಡಿಯೊಳಗಿನ ನಟ್ ಕಿತ್ತುಬಂದು ಸುತ್ತತೊಡಗಿದರೆ ತಗಡನ್ನೇ ಕತ್ತರಿಸಬೇಕಾಗುತ್ತದೆ. ಎಂಜಿನ್ನಿನ ಕೆಳಗಿನ ಮೌಂಟ್ (ಎಂಜಿನ್ ಹಿಡಿದಿಡುವ ಆಧಾರ) ಸಬ್‌ಫ್ರೇಮಿಗೇ ಕೂತಿರುವುದರಿಂದ ಮೊದಲು ಎಂಜಿನ್ ಹಿಡಿದಿಡಲು ಮೇಲಿನಿಂದ ಸಪೋರ್ಟ್ ಬಾರ್ ಹಾಕಿಸಿದಿರಿ. ಸ್ಟೀರಿಂಗ್ ಜಾಯಿಂಟಿಗೆ ಬಿಳಿ ಪೇಂಟಿನ ಗೆರೆ ಎಳೆದು, ಚಕ್ರ ನೇರವಿಟ್ಟು ಸ್ಟೀರಿಂಗ್ ಅಲುಗದಂತೆ ಕಟ್ಟಿಸಿದ್ದರಿಂದಲೇ ಏರ್‌ಬ್ಯಾಗಿನ ಕ್ಲಾಕ್ ಸ್ಪ್ರಿಂಗ್ (ಸ್ಟೀರಿಂಗ್ ಒಳಗೆ ಸುರುಳಿಯಾಗಿರುವ ವೈರು) ಉಳಿಯಿತು.

ಎಲ್ಲಕ್ಕಿಂತ ದೊಡ್ಡ ಮಾತು ಲೋವರ್ ಆರ್ಮ್ ಬುಷ್‌ನದು (ಚಕ್ರವನ್ನು ಹಿಡಿದಿರುವ ಕೆಳತೋಳಿನ ಬುಡದ ರಬ್ಬರ್ ಕೀಲು): ಗಾಡಿಯ ಭಾರ ಚಕ್ರಗಳ ಮೇಲೆ ಬಿದ್ದ ಮೇಲೆಯೇ ಕೊನೆಯ ಬಿಗಿತ. ಜಾಕ್ ಮೇಲಿರುವಾಗಲೇ ಬಿಗಿದರೆ ರಬ್ಬರ್ ಸದಾ ತಿರುಚಿಕೊಂಡಿದ್ದು ಬೇಗ ಹರಿಯುತ್ತದೆ. ಹಳೇ ಬುಷ್ ಕೈಗಿಟ್ಟು ಆ ಸೀಳನ್ನು ಬೆರಳಿಂದ ಮುಟ್ಟಿಸಿ ತೋರಿಸಿದಿರಿ. ಹೊಸ ಬೋಲ್ಟ್, ಅಳತೆಗೆ ತಕ್ಕಷ್ಟೇ ಬಿಗಿಯುವ ಟಾರ್ಕ್ ರೆಂಚ್, ಕೊನೆಗೆ ವೀಲ್ ಅಲೈನ್‌ಮೆಂಟ್, ಒಂದನ್ನೂ ಬಿಡಲು ನೀವು ಒಪ್ಪಲಿಲ್ಲ.