ಟ್ರೈಪಾಡ್ ಇದ್ದರೂ ಫೋಟೊ ಅಲುಗಿದ್ದೇಕೆ?

ಮಾನ್ಯ ಸಂಪಾದಕರೇ,

ಟ್ರೈಪಾಡ್ ಮೇಲೆ ಕ್ಯಾಮೆರಾ ಇಟ್ಟರೆ ಫೋಟೊ ಅಲುಗುವುದೇ ಇಲ್ಲ ಅಂತ ನಾನೂ ನಂಬಿದ್ದೆ. ಹೋದ ತಿಂಗಳು ಕಾರವಾರದ ಟ್ಯಾಗೋರ್ ಕಡಲತೀರದಲ್ಲಿ ಮುಸ್ಸಂಜೆ ಹೊತ್ತಿಗೆ 20 ಸೆಕೆಂಡ್ ಎಕ್ಸ್‌ಪೋಶರ್ ಇಟ್ಟು, ಅಂದರೆ ಶಟರನ್ನು ಅಷ್ಟು ಹೊತ್ತು ತೆರೆದಿಟ್ಟು, ಹತ್ತಾರು ಫೋಟೊ ತೆಗೆದೆ. ಮನೆಗೆ ಬಂದು ದೊಡ್ಡದು ಮಾಡಿ ನೋಡಿದರೆ ದಡದ ದೀಪದ ಕಂಬಗಳಿಗೆಲ್ಲ ಎರಡೆರಡು ಅಂಚು! ಗಾಳಿಯನ್ನು ಬೈದುಕೊಂಡೆ. ಕಾರಣ ಗಾಳಿಯಲ್ಲ, ಕೈ ನಡುಗಿದರೂ ಫೋಟೊ ಅಲುಗದಂತೆ ನೋಡಿಕೊಳ್ಳುವ ಲೆನ್ಸಿನ ಸ್ಟೆಬಿಲೈಸೇಶನ್ ಆನ್ ಇತ್ತು. ಮಾರನೇ ದಿನ ಅದೇ ಜಾಗದಲ್ಲಿ, ಅಷ್ಟೇ ಗಾಳಿಯಲ್ಲಿ, ಆಫ್ ಮಾಡಿ ತೆಗೆದರೆ ಕಂಬದ ಅಂಚು ಗೆರೆ ಎಳೆದ ಹಾಗೆ ಬಂತು.

ಲೆನ್ಸಿನೊಳಗಿನ ಗೈರೊ ಸೆನ್ಸರ್ ಕೈ ನಡುಕವನ್ನು ಗುರುತಿಸುತ್ತದೆ, ಅದಕ್ಕೆ ತಕ್ಕಂತೆ ಒಳಗಿನ ಗಾಜು ಸರಿದು ನಡುಕವನ್ನು ಸರಿದೂಗಿಸುತ್ತದೆ. ನಡುಕವೇ ಇಲ್ಲದಾಗ, ಅದರಲ್ಲೂ ಹಳೆಯ ಲೆನ್ಸ್‌ಗಳಲ್ಲಿ, ತನ್ನದೇ ಸಣ್ಣ ಕಂಪನವನ್ನು ನಡುಕ ಅಂದುಕೊಂಡು ಆ ಗಾಜು ಸುಮ್ನೆ ಅತ್ತಿತ್ತ ಸರಿಯುತ್ತಿರುತ್ತದೆ. ಹೊಸ ಲೆನ್ಸ್‌ಗಳಲ್ಲಿ ಹಲವು ಟ್ರೈಪಾಡನ್ನು ತಾವೇ ಕಂಡುಕೊಳ್ಳುತ್ತವೆ, ಆದರೂ ದೀರ್ಘ ಎಕ್ಸ್‌ಪೋಶರ್ ಇದ್ದರೆ ಆಫ್ ಮಾಡುವುದೇ ವಾಸಿ.

ಮೊನೊಪಾಡ್ ಕತೆ ಬೇರೆ. ಒಂಟಿ ಕಾಲು, ಅಲ್ವಾ? ಮೇಲೆ ಕೆಳಗೆ ಅಲುಗುವುದು ಕಮ್ಮಿಯಾದರೂ ಅಕ್ಕಪಕ್ಕಕ್ಕೆ ತೂಗುತ್ತಲೇ ಇರುತ್ತದೆ. ಸಿರ್ಸಿ ಕಡೆ ಮೊನೊಪಾಡ್ ಹಿಡಿದು ರಾತ್ರಿ ಯಕ್ಷಗಾನದ ಫೋಟೊ ತೆಗೆಯುವವರು ಸ್ಟೆಬಿಲೈಸೇಶನ್ ಆನ್ ಇಟ್ಟುಕೊಳ್ಳಬೇಕು. ಆದರೆ ವೇಷಧಾರಿ ಗಿರ್ರನೆ ತಿರುಗುವಾಗಿನ ಮಸುಕನ್ನು ಸ್ಟೆಬಿಲೈಸೇಶನ್ ತಡೆಯುವುದಿಲ್ಲ, ಅದಕ್ಕೆ ಶಟರ್ ವೇಗವೇ ಜಾಸ್ತಿ ಬೇಕು.

ನನಗೆ ಲೆನ್ಸ್ ಮಾರಿದವರು ಇದನ್ನೆಲ್ಲ ಹೇಳಲೇ ಇಲ್ಲ. ನಿಮ್ಮ ಪುರವಣಿಯಲ್ಲಿ ಚಂದದ ಫೋಟೊ ಹಾಕುವಾಗ ಅದನ್ನು ಹೇಗೆ ತೆಗೆದರು ಅಂತ ನಾಲ್ಕು ಸಾಲು ಬರೆಸಿ, ದಯವಿಟ್ಟು.

– ಓದುಗ, ಕಾರವಾರ