ಬಾದಾಮಿಯಲ್ಲಿ ಕ್ಯಾಮೆರಾ ತುಸು ಹೊತ್ತು ಚೀಲದಲ್ಲೇ ಇರಲಿ

ಮಾನ್ಯರೇ,

ಪುರವಣಿಯ ಓದುಗರ ಚಿತ್ರಗಳಲ್ಲಿ ಬಾದಾಮಿ ಆಗಾಗ ಬರುತ್ತದೆ. ಬಂದಾಗೆಲ್ಲ ಹೆಚ್ಚುಕಡಿಮೆ ಅದೇ ಚಿತ್ರ: ಅಗಸ್ತ್ಯ ತೀರ್ಥವೆಂಬ ಕೆರೆಯಾಚೆ ಭೂತನಾಥ ಗುಡಿ, ಕಡುನೀಲಿ ಆಕಾಶ, ಕುಂಕುಮ ಎರಚಿದಂಥ ಬಂಡೆ. ಆ ಮರಳುಗಲ್ಲಿಗೆ ಬಣ್ಣ ಬಳಿಯುವ ಅಗತ್ಯವೇ ಇಲ್ಲ. ಬಣ್ಣವನ್ನು ಕ್ಯಾಮೆರಾವೇ ಹೊಂದಿಸಿಕೊಳ್ಳುವ ಆಟೊ ವೈಟ್ ಬ್ಯಾಲೆನ್ಸ್ ಕಲ್ಲಿನ ಕೆಂಪನ್ನು ತಪ್ಪೆಂದು ತಿಳಿದು ಇಳಿಸಿಬಿಡುತ್ತದೆ; ಕಲ್ಲು ಪೇಲವವಾಯಿತೆಂದು ಜನ ಆಮೇಲೆ ಮೊಬೈಲಿನಲ್ಲಿ ಬಣ್ಣ ಸುರಿಯುತ್ತಾರೆ. ಮೊದಲೇ ಅದನ್ನು ಡೇಲೈಟ್‌ಗೆ (ಹಗಲ ಬೆಳಕಿಗೆ), ಅಂದರೆ ಸುಮಾರು 5,500 ಕೆಲ್ವಿನ್‌ಗೆ ಇಟ್ಟರೆ ಮುಗಿಯಿತು.

ದೊಡ್ಡ ತೊಂದರೆ ಇರುವುದು ಹೊತ್ತಿನಲ್ಲಿ. ಹನ್ನೊಂದಕ್ಕೆ ಬಸ್ಸಿಳಿದವರು ನೇರ ದಂಡೆಗೆ ಬಂದು ಕ್ಲಿಕ್ಕಿಸಲು ಶುರುಮಾಡುತ್ತಾರೆ. ಭೂತನಾಥ ಗುಡಿ ಕೆರೆಯ ಪೂರ್ವ ತುದಿಯಲ್ಲಿ ಪಶ್ಚಿಮಕ್ಕೆ ಮುಖಮಾಡಿ ನಿಂತಿದೆ, ಮುಖಕ್ಕೆ ಬಿಸಿಲು ಬೀಳುವುದು ಇಳಿಹೊತ್ತಿನಲ್ಲಿ. ನೀರು ಕನ್ನಡಿಯಂತಿರುವುದು ಮಾತ್ರ ಸಾಮಾನ್ಯವಾಗಿ ನಸುಕಿನಲ್ಲಿ, ಗಾಳಿ ಏಳುವ ಮುನ್ನ. ಆಗ ಸೂರ್ಯ ಗುಡಿಯ ಬೆನ್ನಿಗಿರುತ್ತಾನೆ. ಎರಡೂ ಒಟ್ಟಿಗೆ ಸಿಗುವುದು ಅಪರೂಪ. ಸಂಜೆ ಅಲೆ ನಿಲ್ಲದಿದ್ದರೆ ಸೂರ್ಯ ಮುಳುಗಿದ ಮೇಲೂ 15–20 ನಿಮಿಷ ಕಾಯಬೇಕು. ಆಕಾಶದ ಬೆಳಕೂ ಕಲ್ಲಿನ ಬೆಳಕೂ ಒಂದು ಹದಕ್ಕೆ ಬರುವುದು ಆಗಲೇ. ಬಹಳ ಮಂದಿ ಅಷ್ಟೊತ್ತಿಗೆ ಚಹಾದಂಗಡಿಯಲ್ಲಿರುತ್ತಾರೆ. ಕ್ಯಾಮೆರಾವನ್ನು ನೀರಿನಿಂದ ಎರಡು ಗೇಣು ಎತ್ತರಕ್ಕೆ ಇಳಿಸಿದರೆ ಪ್ರತಿಬಿಂಬ ತುಂಬಿ ಬರುತ್ತದೆ. ಲೆನ್ಸಿಗೆ ಪೋಲರೈಸರ್ (ಹೊಳಪು ತಗ್ಗಿಸುವ ಫಿಲ್ಟರ್) ಹಾಕಿದ್ದರೆ ತೆಗೆದಿಡಿ, ಅದು ಪ್ರತಿಬಿಂಬವನ್ನೇ ಒರೆಸಿಹಾಕುತ್ತದೆ.

ನಡುಹಗಲು ಗುಹೆಗಳಿಗೆ. ಅವು ದಕ್ಷಿಣದ ಗುಡ್ಡದಲ್ಲಿ ಉತ್ತರಕ್ಕೆ ತೆರೆದುಕೊಂಡಿರುವುದರಿಂದ ಚಳಿಗಾಲದಲ್ಲಿ ನೇರ ಬಿಸಿಲು ಒಳಗೆ ಬರುವುದಿಲ್ಲ. ಆಕಾಶದಿಂದಲೂ ಅಂಗಳದಿಂದಲೂ ಪುಟಿದ ಮೆತ್ತನೆಯ ಬೆಳಕಷ್ಟೇ. ಒಂದನೆಯ ಗುಹೆಯ ನಟರಾಜನಿಗೆ ಫ್ಲ್ಯಾಶ್ ಹೊಡೆದರೆ ನೆರಳು ಸತ್ತು, ಹದಿನೆಂಟು ಕೈಗಳೂ ಗೋಡೆಗೆ ಅಂಟಿಸಿದ ಕಾಗದದಂತೆ ಕಾಣುತ್ತವೆ. ಎರಡು ಹೆಜ್ಜೆ ಪಕ್ಕಕ್ಕೆ ಸರಿದು ಓರೆಯಿಂದ ನೋಡಿದರೆ ಒಂದೊಂದು ಕೈಗೂ ನೆರಳಿನ ಅಂಚು ಮೂಡುತ್ತದೆ. 578ರ ಶಾಸನವಿರುವ ಮೂರನೆಯ ಗುಹೆಯ ಒಳಗೆ ಐಎಸ್ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 1600, ಎಫ್ (ಲೆನ್ಸಿನ ಕಿಂಡಿಯ ಅಳತೆ) 4, ಶಟರ್ ಸೆಕೆಂಡಿನ 1/30ರಿಂದ ಶುರುಮಾಡಬಹುದು. ಟ್ರೈಪಾಡ್‌ಗೆ ಪುರಾತತ್ವ ಇಲಾಖೆಯ ಅನುಮತಿ ಬೇಕು. ಅದಿಲ್ಲದಿದ್ದರೆ ಕ್ಯಾಮೆರಾದ ಪಟ್ಟಿಯನ್ನು ಮೊಣಕೈಗೆ ಸುತ್ತಿ ಬಿಗಿಹಿಡಿದು ಸಾಲಾಗಿ ಮೂರು ಕ್ಲಿಕ್; ನಡುವಿನದು ಸಾಮಾನ್ಯವಾಗಿ ಅಲುಗಿರುವುದಿಲ್ಲ. ಕೆತ್ತನೆಯ ಕಂಬಕ್ಕೆ ಒರಗಬೇಡಿ. ಮಂಗಗಳ ಮುಂದೆ ಚೀಲ ಬಿಚ್ಚಿಡಲೂ ಬೇಡಿ.

ಇನ್ನು ಕೆರೆಯ ಮೆಟ್ಟಿಲ ಮೇಲೆ ಬಟ್ಟೆ ಒಗೆಯುವ ಹೆಂಗಸರು. ಮೇಲೆ ನಿಂತು ದೂರದ್ದನ್ನು ಹತ್ತಿರ ತರುವ 200 ಎಂಎಂ ಲೆನ್ಸಿನಿಂದ ಕದ್ದು ತೆಗೆದ ಚಿತ್ರದಲ್ಲಿ ಬಾಗಿದ ಬೆನ್ನುಗಳು, ಬಣ್ಣದ ಸೀರೆಗಳು, ಅಷ್ಟೇ. ಕ್ಯಾಮೆರಾ ಹೊರತೆಗೆಯದೆ ಹೋಗಿ ಕೂರಬೇಕು, ಮಾತಾಡಬೇಕು. ಆಮೇಲೆ, ‘ಯವ್ವಾ, ಒಂದ್ ಫೋಟೋ ತಗೀಲೇನ್ರಿ?’ ಬ್ಯಾಡ ಅಂದರೆ ಬ್ಯಾಡ. ಹೂಂ ಅಂದರೆ 35 ಎಂಎಂ ಲೆನ್ಸ್ ಸಾಕು, ಅವರಿಗಿಂತ ಒಂದು ಮೆಟ್ಟಿಲು ಕೆಳಗೆ ಕೂರಿ. ಆಗ ಮುಖ ಕಾಣುತ್ತದೆ, ಒದ್ದೆ ಕೈ ಕಾಣುತ್ತದೆ, ಜಾಗ ಸರಿಯಾಗಿ ಹಿಡಿದರೆ ಹೆಗಲಾಚೆ ಗುಡಿಯೂ ಸಿಗುತ್ತದೆ. ಬೆಳಿಗ್ಗೆ ಊರ ಕಡೆಯಿಂದ ಪೂರ್ವಕ್ಕೆ ನೋಡಿದರೆ ಬೆಳಕು ಎದುರಿನದು: ಬಟ್ಟೆ ಕಲ್ಲಿಗೆ ಬಡಿದಾಗ ಚಿಮ್ಮುವ ಹನಿ ಹನಿಯೂ ಹೊಳೆಯುತ್ತದೆ. ಶಟರ್ ಸೆಕೆಂಡಿನ 1/1000ದಲ್ಲಿದ್ದರೆ ಹನಿಗಳು ಗಾಳಿಯಲ್ಲೇ ನಿಲ್ಲುತ್ತವೆ. 1/60ಕ್ಕೆ ಇಳಿಸಿದರೆ ಕಲ್ಲು ನಿಂತು, ಎತ್ತಿದ ತೋಳು ಮಸುಕಾಗಿ ಹರಿಯುತ್ತದೆ. ನನ್ನ ಮಟ್ಟಿಗೆ ಎರಡನೆಯದೇ ಸರಿ, ಆ ರಟ್ಟೆಯ ದಣಿವು ಇರುವುದು ಆ ಮಸುಕಿನಲ್ಲೇ. ಬೆಳಕು ಎದುರಿನದಾದ್ದರಿಂದ ಮುಖ ಕಪ್ಪಾಗದಂತೆ ಎಕ್ಸ್‌ಪೋಷರ್ ಒಂದು ಸ್ಟಾಪ್, ಅಂದರೆ ಬೆಳಕು ಇಮ್ಮಡಿಯಾಗುವಷ್ಟು, ಏರಿಸುವುದನ್ನು ಮರೆಯಬೇಡಿ.

ತಮ್ಮಲ್ಲಿ ಒಂದೇ ಬೇಡಿಕೆ. ಚಿತ್ರದ ಕೆಳಗೆ ತೆಗೆದವರ ಹೆಸರು, ಊರಿನ ಜೊತೆ ತೆಗೆದ ತಿಂಗಳು, ಹೊತ್ತು ಮತ್ತು ನಿಂತ ಜಾಗವನ್ನೂ ಅಚ್ಚುಹಾಕಿ. ಜನರ ಮುಖವಿದ್ದರೆ, ಅವರನ್ನು ಕೇಳಿ ತೆಗೆದದ್ದೇ ಎಂದು ಕಳುಹಿಸಿದವರಿಂದ ಒಂದು ಸಾಲು ಬರೆಸಿಕೊಳ್ಳಿ.

— ಒಬ್ಬ ಛಾಯಾಗ್ರಾಹಕ, ಬಾಗಲಕೋಟೆ